ಎಕ್ಸ್‌ಕಾಮ್ ಚಿಮೆರಾ ಸ್ಕ್ವಾಡ್: ವಿಮರ್ಶಕರು ಮೆಚ್ಚಿದ್ದನ್ನ ಅಭಿಮಾನಿಗಳು ಯಾಕೆ ಬೈತಾರೆ? ತಗೊಳ್ಳಬಹುದಾ?

ಮೂಡಿಗೆರೆ_ಓವರ್‌ವಾಚ್ (ಪ್ರಶ್ನೆ ಕೇಳಿದವರು)

ಅನ್ಯಗ್ರಹದವರ ಜೊತೆ ಸರದಿ ಪ್ರಕಾರ ಕಾದಾಡೋ ಕಂಪ್ಯೂಟರ್ ಆಟ ಎಕ್ಸ್‌ಕಾಮ್ 2 ಮತ್ತು ಅದರ ವಿಸ್ತರಣೆ ವಾರ್ ಆಫ್ ದಿ ಚೋಸನ್ ಎರಡೂ ಕಮಾಂಡರ್ ಅನ್ನೋ ಕಷ್ಟದ ಮಟ್ಟದಲ್ಲಿ ಆಡಿ ಮುಗಿಸಿದವರಿಗೆ ಅದೇ ಸರಣಿಯ ಚಿಮೆರಾ ಸ್ಕ್ವಾಡ್ ಹೇಗಿರುತ್ತೆ ಅನ್ನೋದು ನನ್ನ ಪ್ರಶ್ನೆ. ವಿಮರ್ಶೆ ಓದಿದಷ್ಟೂ ಗೊಂದಲ ಜಾಸ್ತಿ ಆಗ್ತಿದೆ. ಪತ್ರಿಕೆಗಳ ವಿಮರ್ಶೆಯಲ್ಲಿ ಬ್ರೀಚ್ ಮೋಡ್‌ಗೆ (ಬಾಗಿಲು ಒಡೆದು ಒಳಗೆ ನುಗ್ಗೋ ಹಂತ) ಭರ್ತಿ ಹೊಗಳಿಕೆ ಇದೆ. ಆಟ ಮಾರೋ ತಾಣ ಸ್ಟೀಮ್‌ನಲ್ಲಿ ಆಟಗಾರರ ವಿಮರ್ಶೆಗೆ ಕೆಳಗಿಳಿದರೆ "ಇದು ಎಕ್ಸ್‌ಕಾಮೇ ಅಲ್ಲ" ಅನ್ನೋರ ಸಾಲು. ಕೆಲವರು ತೀರಾ ಸುಲಭ ಅಂತಾರೆ, ಕೆಲವರು ಬಗ್ಗಳ ಕಾಟಕ್ಕೆ ಅರ್ಧಕ್ಕೇ ಬಿಟ್ಟೆ ಅಂತಾರೆ.

ಬಗ್ ಈಗಲೂ ಇದೆಯಾ? ಸುಲಭ ಅನ್ನೋದು ನಿಜವಾ? ಅದೇ ಸಮಯಕ್ಕೆ ಬಂದ ಗೇರ್ಸ್ ಟ್ಯಾಕ್ಟಿಕ್ಸ್ ತಗೊಂಡರೆ ವಾಸಿನಾ? ಇನ್ನೊಂದು ವಿಷಯ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಗೊತ್ತಿಲ್ಲ. ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ. ಹಾರ್ಡ್‌ಕೋರ್ ಮೋಡಲ್ಲಿ ಆಡಬಹುದಾ?


ಹಾಸನ_ಹಾಫ್‌ಕವರ್

ಗುರು, ವಿಮರ್ಶಕರೂ ಸುಳ್ಳು ಹೇಳಿಲ್ಲ, ಅಭಿಮಾನಿಗಳೂ ಸುಳ್ಳು ಹೇಳಿಲ್ಲ. ಅಳತೆಗೋಲು ಬೇರೆ ಬೇರೆ, ಅಷ್ಟೆ. ಆಗಿನ ಪರಿಸ್ಥಿತಿ ಗೊತ್ತಿದ್ದರೆ ಜಗಳ ಅರ್ಧ ಅಲ್ಲೇ ಮುಗಿಯುತ್ತೆ.

ಎಕ್ಸ್‌ಕಾಮ್ ಮಾಡೋ ಕಂಪನಿ ಫಿರಾಕ್ಸಿಸ್ ಇದನ್ನ ಘೋಷಿಸಿದ್ದು 2020ರ ಏಪ್ರಿಲ್ 14ಕ್ಕೆ, ಬಿಡುಗಡೆ ಏಪ್ರಿಲ್ 24ಕ್ಕೆ. ನಡುವೆ ಹತ್ತೇ ದಿನ. ಎಕ್ಸ್‌ಕಾಮ್ 2 ಬಂದಿದ್ದು 2016ರಲ್ಲಿ, ಅದರ ದೊಡ್ಡ ವಿಸ್ತರಣೆ 2017ರಲ್ಲಿ. ಜನ ಮೂರನೇ ಭಾಗಕ್ಕೆ ಬಾಯಿಬಿಟ್ಟುಕೊಂಡು ಕೂತಿದ್ದರು. ಅಂಥ ಹೊತ್ತಲ್ಲಿ ಸದ್ದಿಲ್ಲದೆ ಒಂದು ಉಪಕಥೆ ಬಂತು. ಹಿಂದಿನ ಆಟಗಳಲ್ಲಿ ಶತ್ರುವಾಗಿದ್ದ ವೈಪರ್, ಸೆಕ್ಟಾಯ್ಡ್, ಮ್ಯೂಟಾನ್ ಅನ್ನೋ ಅನ್ಯಗ್ರಹ ಜೀವಿಗಳೇ ಅದರಲ್ಲಿ ನಮ್ಮ ತಂಡದಲ್ಲಿ! ಆಗಿನ ಬೆಲೆ 20 ಡಾಲರ್, ಮೇ 1ರವರೆಗೆ ಅದರ ಅರ್ಧ. ವಿಮರ್ಶಕರು ಈ ಬೆಲೆಗೆ ಇಷ್ಟು ಸಿಗುತ್ತಲ್ಲ ಅಂತ ಲೆಕ್ಕ ಹಾಕಿದರು, ವಿಮರ್ಶೆಗಳ ಅಂಕ ಒಟ್ಟುಮಾಡೋ ಮೆಟಾಕ್ರಿಟಿಕ್ ತಾಣದಲ್ಲಿ ನೂರಕ್ಕೆ ಸರಾಸರಿ ಎಪ್ಪತ್ತರ ಕೊನೆಯ ಅಂಕಿಗಳಲ್ಲಿ ನಿಂತಿತು. ಅಭಿಮಾನಿಗಳು ಮೂರನೇ ಭಾಗ ಎಲ್ಲಿ ಅಂತ ಲೆಕ್ಕ ಹಾಕಿದರು.

ಸ್ಪಿನ್‌ಆಫ್ (ಮುಖ್ಯ ಸರಣಿಯಿಂದ ಕವಲೊಡೆದ ಆಟ) ಅಂದರೆ ಈ ಸರಣಿಯ ಹಳೇ ಆಟಗಾರರಿಗೆ ಮೊದಲೇ ಅಲರ್ಜಿ. 1998ರ ಇಂಟರ್‌ಸೆಪ್ಟರ್, 2001ರ ಎನ್‌ಫೋರ್ಸರ್, 2013ರ ದಿ ಬ್ಯೂರೋ. ಇವು ಮೂರೂ ಸರದಿ ಆಟದ ದಾರಿ ಬಿಟ್ಟು ಹೋದವು, ಮೂರನ್ನೂ ಜನ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಚಿಮೆರಾ ಹಾಗಲ್ಲ. ಸರದಿ, ಕವರ್ (ಗುಂಡಿಂದ ಅಡಗೋ ಮರೆ), ಗುರಿ ತಗಲುವ ಶೇಕಡಾವಾರು ಎಲ್ಲಾ ಇದೆ. ಬದಲಾಗಿರೋದು ಒಳಗಿನ ಯಂತ್ರ.

ಆ ಯಂತ್ರದ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಹುಪಾಲು ವಿಮರ್ಶೆ ಇಲ್ಲೇ ಅವಸರ ಮಾಡಿದೆ. ಎಕ್ಸ್‌ಕಾಮ್ 2ರಲ್ಲಿ ನಿಮ್ಮ ಕಡೆಯವರೆಲ್ಲ ಮೊದಲು, ಆಮೇಲೆ ಶತ್ರುಗಳೆಲ್ಲ. ಹಾಗಾಗಿ ಅಲ್ಲಿಯ ಸೂತ್ರ ಒಂದೇ: ಒಂದು ಗುಂಪು ಕಣ್ಣಿಗೆ ಬಿದ್ದರೆ ಅದೇ ಟರ್ನಲ್ಲಿ ಅಷ್ಟನ್ನೂ ಮುಗಿಸು, ತಿರುಗಿ ಗುಂಡು ಹೊಡೆಯೋಕೆ ಒಬ್ಬನನ್ನೂ ಬಿಡಬೇಡ. ಚಿಮೆರಾದಲ್ಲಿ ಎಲ್ಲರೂ ಒಂದೇ ಸರದಿ ಪಟ್ಟಿಯಲ್ಲಿ ಬೆರೆತಿರ್ತಾರೆ. ನಿಮ್ಮವನೊಬ್ಬ, ಶತ್ರು ಇಬ್ಬರು, ಮತ್ತೆ ನಿಮ್ಮವನು, ಹೀಗೆ. ಹಳೇ ಅಭ್ಯಾಸದಂತೆ ಅತಿ ದೊಡ್ಡ ಶತ್ರುವಿನ ಮೇಲೆ ಎಲ್ಲರೂ ಗುಂಡು ಸುರಿದರೆ ಏನಾಗುತ್ತೆ ನೋಡಿ. ಅವನ ಸರದಿ ಪಟ್ಟಿಯ ತಳದಲ್ಲಿದೆ, ಅವನು ಸತ್ತರೂ ಈ ಕ್ಷಣಕ್ಕೆ ನಿಮಗೆ ಲಾಭ ಇಲ್ಲ. ಅಷ್ಟರಲ್ಲಿ ನಿಮ್ಮ ಮುಂದಿದ್ದ ಎರಡು ಪುಟಗೋಸಿ ಶತ್ರುಗಳು ಪಕ್ಕದಿಂದ ಬಂದು ನಿಮ್ಮವನನ್ನ ನೆಲಕ್ಕೆ ಹಾಕಿರ್ತಾರೆ. ಇಲ್ಲಿ ಮೊದಲು ಹೊಡೆಯಬೇಕಾದ್ದು ದೊಡ್ಡವನನ್ನಲ್ಲ, ಮುಂದಿನ ಸರದಿ ಯಾರದೋ ಅವನನ್ನ. ಕೊಲ್ಲೋಕೆ ಆಗದಿದ್ದರೆ ಅವನ ಸರದಿಯನ್ನಾದರೂ ಹಾಳು ಮಾಡಿ. ನಿಮ್ಮ ತಂಡದ ವೈಪರ್ ಟಾರ್ಕ್ ನಾಲಿಗೆಯಲ್ಲಿ ಎಳೆದು ಸುತ್ತಿಕೊಂಡರೆ ಆಯ್ತು, ಸೆಕ್ಟಾಯ್ಡ್ ವರ್ಜ್ ಗಾಳಿಯಲ್ಲಿ ಎತ್ತಿ ಹಿಡಿದರೂ ಆಯ್ತು.

ಸುಲಭ, ಕಷ್ಟ ಅನ್ನೋ ಎರಡೂ ಮಾತು ಹುಟ್ಟೋದು ಇಲ್ಲಿಂದಲೇ. ಪಟ್ಟಿ ಓದಲು ಕಲಿತವರಿಗೆ ನಾರ್ಮಲ್ ಮಟ್ಟ ನಿಜಕ್ಕೂ ಸಪ್ಪೆ. ನೀವು ಕಮಾಂಡರ್ ಮಟ್ಟ ಮುಗಿಸಿದವರು, ಅದಕ್ಕಿಂತ ಮೇಲಿನ ಎಕ್ಸ್‌ಪರ್ಟ್ ಮಟ್ಟದಿಂದಲೇ ನೇರ ಶುರು ಮಾಡಿ.


ಕೊಪ್ಪ_ಗ್ರೆನೇಡಿಯರ್

ಹಾಫ್‌ಕವರಣ್ಣ ಹೇಳಿದ್ದು ಸರಿ, ಆದರೆ ಅಭಿಮಾನಿಗಳ ಸಿಟ್ಟನ್ನ ಬರೀ ಮೂರನೇ ಭಾಗದ ನಿರಾಶೆ ಅಂತ ತಳ್ಳಿ ಹಾಕೋದಕ್ಕೆ ನನ್ನ ಒಪ್ಪಿಗೆ ಇಲ್ಲ ಮಾರಾಯ.

ಎಕ್ಸ್‌ಕಾಮಿನ ಜೀವಾಳ ಸಾವು. ಹೆಸರಿಟ್ಟು, ಬಣ್ಣ ಹಚ್ಚಿ, ಸಾರ್ಜೆಂಟ್‌ನಿಂದ ಕರ್ನಲ್ ತನಕ ಬೆಳೆಸಿದ ಸೈನಿಕ 5 ಪರ್ಸೆಂಟ್ ತಪ್ಪುವ ಸಾಧ್ಯತೆ ಇದ್ದ ಒಂದು ಗುಂಡು ತಪ್ಪಿದ್ದಕ್ಕೆ ಶಾಶ್ವತವಾಗಿ ಹೋಗ್ತಾನೆ. ಆ ಭಯಕ್ಕೇ ಪ್ರತಿ ಹೆಜ್ಜೆಗೂ ತೂಕ. ಚಿಮೆರಾದಲ್ಲಿ ಇರೋದು ಹೆಸರು, ದನಿ, ಹಿನ್ನೆಲೆ ಎಲ್ಲಾ ಮೊದಲೇ ಬರೆದಿಟ್ಟ 11 ಏಜೆಂಟರು. ಗಾಡ್‌ಮದರ್, ಚೆರಬ್, ಟರ್ಮಿನಲ್, ವರ್ಜ್ ಮೊದಲಿಂದ ಇರ್ತಾರೆ, ಉಳಿದವರಿಂದ ಆರಿಸಿ ಆರಿಸಿ ಒಟ್ಟು ಎಂಟು ಜನ ಆಗ್ತಾರೆ. ಇವರಲ್ಲಿ ಯಾರೂ ಸಾಯೋ ಹಾಗಿಲ್ಲ. ಒಬ್ಬ ರಕ್ತ ಸುರಿದು ಸತ್ತರೆ ಮಿಷನ್ನೇ ಸೋಲು, ಮತ್ತೆ ಮೊದಲಿಂದ ಆಡು. ರಕ್ತ ನಿಲ್ಲಿಸಿ ಉಳಿಸಿಕೊಂಡರೆ ಅವನ ಜಾಗಕ್ಕೆ ಆಂಡ್ರಾಯ್ಡ್ (ಯಂತ್ರಮಾನವ) ಒಂದು ಬರಬಹುದು. ಮಿಷನ್ ಮುಗಿದ ಮೇಲೆ ಗಾಯದ ಕಲೆ ಉಳಿಯಬಹುದು, ಓಟವೋ ಗುರಿಯೋ ಸ್ವಲ್ಪ ಕಮ್ಮಿ. ತರಬೇತಿ ಕೋಣೆಯಲ್ಲಿ ಕೆಲವು ದಿನ ಕೂರಿಸಿದರೆ ಅದೂ ಹೋಯ್ತು.

ಇದರಿಂದ ಆಟಕ್ಕೆ ಆಗೋ ಪರಿಣಾಮವನ್ನ ಬರೀ ಭಾವನೆ ಅಂತ ಬಿಡೋಕಾಗಲ್ಲ. ಎಕ್ಸ್‌ಕಾಮ್ 2ರಲ್ಲಿ ಒಂದು ಮಿಷನ್ ಕೆಟ್ಟರೂ ಇಬ್ಬರನ್ನ ಕಳಕೊಂಡು, ಉಳಿದವರನ್ನ ಸ್ಕೈರೇಂಜರ್ ವಿಮಾನಕ್ಕೆ ಹತ್ತಿಸಿ ಓಡಿಹೋಗಬಹುದು, ಕ್ಯಾಂಪೇನ್ ಕುಂಟುತ್ತಾ ಮುಂದೆ ಸಾಗುತ್ತೆ. ಕುಂಟೋದರಲ್ಲೇ ಅದರ ಮಜಾ ಇರೋದು. ಚಿಮೆರಾದಲ್ಲಿ ಒಂದೋ ಪೂರ್ತಿ ಗೆಲುವು, ಇಲ್ಲಾ ರೀಸ್ಟಾರ್ಟ್. ನಡುವೆ ಅರ್ಧ ಸೋಲು ಅನ್ನೋದೇ ಇಲ್ಲ. ಮಾತು ಸ್ವಲ್ಪ ಜಾಸ್ತಿ ಆಡುವ ಪಾತ್ರಗಳು, ಕಾಮಿಕ್ ಪುಸ್ತಕದಂಥ ನಿಶ್ಚಲ ಚಿತ್ರಗಳಲ್ಲಿ ಕಥೆ ಇವನ್ನೆಲ್ಲ ಕೆಲವರು ಕಡಿಮೆ ಬಜೆಟ್ ಅಂತ ಮೂಗು ಮುರಿದರು. ನನಗೆ ಅದೇನೂ ದೊಡ್ಡದಲ್ಲ. ಅರ್ಧ ಸೋಲು ಇಲ್ಲದಿರೋದೇ ನಿಜವಾದ ನಷ್ಟ. ಅದನ್ನ ಸರಿಯಾಗಿ ಬಿಡಿಸಿ ಬರೆದ ವಿಮರ್ಶೆ ಕೈಬೆರಳೆಣಿಕೆಯಷ್ಟು.


ಹಾಸನ_ಹಾಫ್‌ಕವರ್

ಅರ್ಧ ಸೋಲಿನ ಮಾತು ಒಪ್ಪಿದೆ. ಆದರೆ ಅದನ್ನ ಸ್ವಲ್ಪ ಮಟ್ಟಿಗೆ ನಗರದ ನಕ್ಷೆಗೆ ಸಾಗಿಸಿದ್ದಾರೆ ನೋಡಿ. ಕಥೆ ನಡೆಯೋ ನಗರ ಸಿಟಿ 31ರಲ್ಲಿ ಒಂಬತ್ತು ಜಿಲ್ಲೆ, ಪ್ರತಿಯೊಂದಕ್ಕೂ ಅಶಾಂತಿಯ ಅಳತೆ ಐದರವರೆಗೆ. ತುಂಬಿದ ಜಿಲ್ಲೆ ದಿನ ಮುಗಿದಾಗ ನಗರದ ಅರಾಜಕತೆಗೆ ಸೇರಿಕೊಳ್ಳುತ್ತೆ, ಅದು ತುದಿ ಮುಟ್ಟಿದರೆ ಕ್ಯಾಂಪೇನ್ ಅಲ್ಲಿಗೆ ಮುಗೀತು. ದಿನಕ್ಕೆ ಒಂದೇ ಮಿಷನ್ ಆಡೋಕಾಗೋದು, ಹಾಗಾಗಿ ಒಂದು ಜಿಲ್ಲೆ ಸಂಭಾಳಿಸಿದರೆ ಇನ್ನೊಂದು ಕೈತಪ್ಪುತ್ತೆ.


ಕೊಪ್ಪ_ಗ್ರೆನೇಡಿಯರ್

ಎಕ್ಸ್‌ಪರ್ಟ್ ಮೇಲ್ಪಟ್ಟರೆ ಮಾತ್ರ ಆ ಬಿಸಿ ಮುಟ್ಟೋದು. ನಾರ್ಮಲ್‌ನಲ್ಲಿ ಮೊದಲ ವಾರಗಳಲ್ಲೇ ಇಂಟೆಲ್ (ಆಟದೊಳಗೆ ಖರ್ಚು ಮಾಡೋ ಗುಪ್ತ ಮಾಹಿತಿ) ಖರ್ಚು ಮಾಡಿ ಜಿಲ್ಲೆಗಳಲ್ಲಿ ಫೀಲ್ಡ್ ಟೀಮ್ ಹರಡಿಬಿಟ್ಟರೆ ನಕ್ಷೆ ಕಡೆ ತಿರುಗಿಯೂ ನೋಡಬೇಕಿಲ್ಲ.

ಹೊಸಬರು ಮಾಡೋ ತಪ್ಪು ಇಲ್ಲೇ. ಇಂಟೆಲ್ ಕೂಡಿಟ್ಟುಕೊಂಡು ಅದರಿಂದ ಸಾಮಾನು ಕೊಳ್ಳೋ ಸ್ಕ್ಯಾವೆಂಜರ್ ಮಾರ್ಕೆಟ್ ಬರಲಿ ಅಂತ ಕಾಯ್ತಾರೆ. ಟೀಮಿನ ಬೆಲೆ ಒಂದೊಂದು ಹಾಕಿದಂತೆ ಏರ್ತಾ ಹೋಗುತ್ತೆ, ವಾರದ ಆದಾಯ ಮಾತ್ರ ಟೀಮ್ ಇದ್ದಷ್ಟು ದಿನ ಬರ್ತಾನೇ ಇರುತ್ತೆ. ಮೊದಲು ಹಾಕಿದವನಿಗೇ ಲಾಭ. ಜೊತೆಗೆ ಶತ್ರುಗಳನ್ನ ಕೊಲ್ಲೋ ಬದಲು ಸಬ್‌ಡ್ಯೂ ಮಾಡಿ ಸೆರೆ ಹಿಡಿಯಿರಿ, ಪ್ರಜ್ಞೆ ತಪ್ಪಿಸೋ ಟ್ರಾಂಕ್ ಗುಂಡು ಹಾಕಿದರೂ ನಡೆಯುತ್ತೆ. ಸೆರೆ ಸಿಕ್ಕವರಿಂದ ಇಂಟೆಲ್ ಬರುತ್ತೆ.


ಸಕಲೇಶಪುರ_ಬ್ರೀಚ್

ಬ್ರೀಚ್ ಮೋಡ್ ಬಗ್ಗೆ ನನ್ನದೂ ಒಂದೆರಡು ಮಾತು. ಮೆಚ್ಚುಗೆ, ಬೇಜಾರು ಎರಡಕ್ಕೂ ಕಾರಣ ಅದೇ.

ಎಕ್ಸ್‌ಕಾಮ್ 2ರಲ್ಲಿ ಶತ್ರುಗಳು ಕತ್ತಲಲ್ಲಿ ಗುಂಪುಗುಂಪಾಗಿ ನಿಂತಿರ್ತಾರೆ, ನೀವು ನೋಡಿದ ಕೂಡಲೇ ಪುಕ್ಕಟೆ ಒಂದು ಓಟ ಓಡಿ ಕವರ್ ಹಿಡೀತಾರೆ. ಅದಕ್ಕೇ ಎಲ್ಲರೂ ಒಂದೊಂದೇ ಚೌಕ ಮುಂದೆ ಹೋಗಿ ಓವರ್‌ವಾಚ್ (ಶತ್ರು ಅಲುಗಾಡಿದರೆ ಹೊಡೆಯೋ ಕಾವಲು) ಹಾಕಿಕೊಂಡು ಕೂರೋದು. ಅದನ್ನ ತಪ್ಪಿಸೋಕೆ ಫಿರಾಕ್ಸಿಸ್‌ನವರು ಟರ್ನ್ ಟೈಮರ್ (ಇಷ್ಟೇ ಸರದಿಯಲ್ಲಿ ಮುಗಿಸಬೇಕು ಅನ್ನೋ ಗಡುವು) ತಂದರು, ಅದಕ್ಕೂ ಬೈಗುಳ ತಿಂದರು. ಚಿಮೆರಾ ಆ ಹುಡುಕಾಟವನ್ನೇ ಕಿತ್ತುಹಾಕಿದೆ. ನೀವು ಬಾಗಿಲ ಹೊರಗೆ, ಶತ್ರು ಒಳಗೆ, ಯುದ್ಧ ಶುರು. ಮೊದಲ ಐದಾರು ಗಂಟೆ ಇದು ಅದ್ಭುತ ಅನಿಸುತ್ತೆ, ವಿಮರ್ಶಕರ ಉತ್ಸಾಹಕ್ಕೆ ಅದೇ ಕಾರಣ. ಆದರೆ ಒಂದು ಮಿಷನ್‌ಗೆ ಒಂದರಿಂದ ಮೂರು ಎನ್‌ಕೌಂಟರ್ (ಒಂದೊಂದು ಜಾಗದ ಕಾಳಗ), ಪ್ರತಿಯೊಂದಕ್ಕೂ ಮತ್ತೆ ಬ್ರೀಚ್. ಜಾಗಗಳೋ ಚಿಕ್ಕವು. ಕ್ಯಾಂಪೇನಿಗೆ ಸುಮಾರು 20 ಗಂಟೆ. ಹತ್ತನೇ ಗಂಟೆ ಹೊತ್ತಿಗೆ ಅದೇ ಬಾಗಿಲು ಒದೆಯೋ ದೃಶ್ಯ ಎಷ್ಟು ಸಲ ನೋಡೋದು? ಆ ದೂರು ನ್ಯಾಯವಾದದ್ದೇ.

ಬೇಜಾರು ಬೇಗ ಬರೋದು ಬ್ರೀಚನ್ನ ಬರೀ ಅನಿಮೇಷನ್ ಥರ ನೋಡಿ ಕ್ಲಿಕ್ ಮಾಡಿಕೊಂಡು ಹೋಗೋರಿಗೆ. ಅಲ್ಲಿ ತೀರ್ಮಾನ ಮಾಡೋದು ಬಹಳ ಇದೆ. ಪ್ರತಿ ದಾರಿಗೂ, ಬಾಗಿಲೋ ಕಿಟಕಿಯೋ ಗೋಡೆಯೋ, ಅದರದ್ದೇ ಲಾಭ ನಷ್ಟ ಬರೆದಿರುತ್ತೆ. ಅದನ್ನ ಓದದೆ ಮಿಷನ್‌ಗೆ ಹೋಗೋ ನಾಲ್ವರನ್ನೂ ಒಂದೇ ಬಾಗಿಲಿಗೆ ನಿಲ್ಲಿಸಬೇಡಿ. ಎರಡು ಕಡೆ ಹಂಚಿದರೆ ಶತ್ರುವಿನ ಕವರ್ ಒಂದು ಬದಿಯಿಂದ ತೆರೆದುಕೊಳ್ಳುತ್ತೆ, ಒಳಗೆ ಹೋದ ಮೇಲೆ ಪಕ್ಕದ ಹೊಡೆತ ಸಿಗುತ್ತೆ. ಆಮೇಲೆ ಸಾಲಿನ ಕ್ರಮ. ಯಾರು ಮೊದಲು ನುಗ್ತಾರೋ ಒಳಗೆ ಸರದಿ ಪಟ್ಟಿಯಲ್ಲೂ ಅವರೇ ಮೊದಲು. ಹಾಗಾಗಿ ಗುಂಡು ತಡೆಯೋ ಚೆರಬನ್ನ ಮೊದಲು ಕಳಿಸೋದು ಹುಟ್ಟುಬುದ್ಧಿ, ಆದರೆ ಒಳಗೆ ಮೊದಲ ಸರದಿ ಯಾರಿಗೆ ಬೇಕು ಅಂತ ಯೋಚಿಸಿದರೆ ಎಷ್ಟೋ ಸಲ ವರ್ಜೋ ಟಾರ್ಕೋ ಮುಂದೆ ಇರಬೇಕಾಗುತ್ತೆ.

ಬಾಗಿಲು ಒಡೆದ ಕೂಡಲೇ ಶತ್ರುಗಳ ತಲೆ ಮೇಲೆ ಸ್ಥಿತಿ ಕಾಣುತ್ತೆ. ಬೆಚ್ಚಿಬಿದ್ದವನು ಏನೂ ಮಾಡಲ್ಲ. ಎಚ್ಚರದಲ್ಲಿದ್ದವನು ಕವರಿಗೆ ಓಡ್ತಾನೆ. ಆಕ್ರಮಣಕಾರಿ ಅಂತ ಗುರುತಿರೋನು ಮಾತ್ರ ತಿರುಗಿ ಗುಂಡು ಹೊಡೀತಾನೆ. ಬ್ರೀಚಲ್ಲಿ ಸಿಗೋ ಗುಂಡುಗಳನ್ನ ಮೊದಲು ಇವನಿಗೇ ಖರ್ಚು ಮಾಡಿ. ಬೆಚ್ಚಿಬಿದ್ದವನಿಗೆ ಗುರಿ ಚೆನ್ನಾಗಿ ಕೂರುತ್ತೆ ಅಂತ ಆಸೆಗೆ ಬಿದ್ದು ಅವನಿಗೆ ಹೊಡೆದರೆ, ಕೋಣೆಯೊಳಗೆ ಕಾಲಿಡೋ ಮೊದಲೇ ನಿಮ್ಮವನ ಅರ್ಧ ಜೀವ ಹೋಗಿರುತ್ತೆ. ಎಕ್ಸ್‌ಪರ್ಟಲ್ಲಿ ಸೋಲೋಕೆ ಅತಿ ಸಾಮಾನ್ಯ ಕಾರಣ ಇದೇ ಅಂತ ನನ್ನ ಅಂದಾಜು.

ಸಲಕರಣೆ ಜಾಗದಲ್ಲಿ ಒಬ್ಬರಿಗೆ ಬ್ರೀಚಿಂಗ್ ಚಾರ್ಜ್, ಇನ್ನೊಬ್ಬರಿಗೆ ಕೀಕಾರ್ಡ್ ಕೊಟ್ಟಿಡಿ. ಗಟ್ಟಿ ಗೋಡೆ, ಭದ್ರತಾ ಬಾಗಿಲು ತೆರೆಯೋಕೆ ಅವು ಬೇಕು, ಒಳ್ಳೆ ಜಾಗ ಇರೋದು ಸಾಮಾನ್ಯವಾಗಿ ಆ ಕಡೆಗೇ. ಟಾರ್ಕ್ ಇದ್ದರೆ ಗಾಳಿ ಕೊಳವೆಯಿಂದ ನುಸುಳ್ತಾಳೆ, ಹಾವು ತಾನೆ.

ಟೀಮ್ ಅಪ್ ಅಂತ ಒಂದು ಗುಂಡಿ ಇದೆ, ಪಟ್ಟಿಯ ಹಿಂದಿರೋ ನಿಮ್ಮವನನ್ನ ಮುಂದಿನ ಸರದಿಗೆ ತರುತ್ತೆ. ಮಿಷನ್‌ಗೆ ಒಮ್ಮೆ ಮಾತ್ರ. ಮೂರು ಎನ್‌ಕೌಂಟರ್ ಇರೋ ಮಿಷನ್‌ನಲ್ಲಿ ಮೊದಲ ಕೋಣೆಯಲ್ಲೇ ಬಳಸಿಬಿಟ್ಟರೆ ಕೊನೆ ಕೋಣೆಯಲ್ಲಿ ಕೈ ಕೈ ಹಿಸುಕಿಕೊಳ್ಳಬೇಕು.


ಮೂಡಿಗೆರೆ_ಓವರ್‌ವಾಚ್

ಇಷ್ಟು ವಿವರ ಯಾವ ವಿಮರ್ಶೆಯಲ್ಲೂ ಸಿಗಲಿಲ್ಲ, ಥ್ಯಾಂಕ್ಸ್. ಬಗ್ ಮತ್ತೆ ಕರೆಂಟಿನ ವಿಷಯ ಯಾರಾದ್ರೂ ಹೇಳ್ತೀರಾ? ಮತ್ತೆ ಕಥೆಯಲ್ಲಿ ತನಿಖೆ ಮಾಡಬೇಕಾದ ಮೂರು ಶತ್ರು ಗುಂಪುಗಳಲ್ಲಿ (ಪ್ರೊಜೆನಿ, ಗ್ರೇ ಫೀನಿಕ್ಸ್, ಸೇಕ್ರೆಡ್ ಕಾಯಿಲ್) ಯಾರ ತನಿಖೆ ಮೊದಲು ಹಿಡಿಯೋದು?


ಬೇಲೂರು_ಬೂಟ್‌ಲೂಪ್

ಕರೆಂಟಿನ ವಿಷಯ ಮೊದಲು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಲ್ಲಿ ಹಾರ್ಡ್‌ಕೋರ್ ಆಡಲೇಬೇಡಿ. ಹಾರ್ಡ್‌ಕೋರಲ್ಲಿ ಇರೋದು ಒಂದೇ ಸೇವ್, ಆಟವೇ ಅದರ ಮೇಲೆ ಮತ್ತೆ ಮತ್ತೆ ಬರೀತಿರುತ್ತೆ. ಬರೆಯೋ ಕ್ಷಣದಲ್ಲೇ ಕರೆಂಟ್ ಹೋದರೆ ಫೈಲ್ ಅರ್ಧಂಬರ್ಧ ಆಗಿ ಕ್ಯಾಂಪೇನ್ ಪೂರ್ತಿ ಹೋಗುವ ಸಾಧ್ಯತೆ ಇದೆ. ಕ್ಲೌಡ್ ಸೇವ್ ಇದೆಯಲ್ಲ ಅಂತ ಧೈರ್ಯ ತಗೋಬೇಡಿ. ಕೆಟ್ಟ ಫೈಲೇ ಮೇಲಕ್ಕೆ ಹೋಗಿ ಕೂತರೆ ಅದರಿಂದ ಏನೂ ಉಪಯೋಗ ಇಲ್ಲ. ಮಾಮೂಲಿ ಮೋಡಲ್ಲಿ ಆಡಿ, ದಿನ ಶುರುವಾದಾಗ ಹೊಸ ಹೆಸರಲ್ಲಿ ಒಂದು ಸೇವ್ ಮಾಡಿ, ಹಳೇದರ ಮೇಲೆ ಬರೀಬೇಡಿ. ಮೂರು ನಾಲ್ಕು ಸೇವ್ ಸರದಿ ಪ್ರಕಾರ ಇದ್ದರೆ ಸಾಕು. 600 ವಿಎ ಯುಪಿಎಸ್ ಒಂದು ಹಾಕಿದರೂ ಸಾಮಾನ್ಯ ಡೆಸ್ಕ್‌ಟಾಪಿಗೆ ಸೇವ್ ಮಾಡಿ ಶಟ್‌ಡೌನ್ ಮಾಡೋಷ್ಟು ಸಮಯ ಸಿಗುತ್ತೆ. ಗ್ರಾಫಿಕ್ಸ್ ಕಾರ್ಡ್ ದೊಡ್ಡದಿದ್ದರೆ ಅದು ತಡೆಯಲ್ಲ, 1000 ವಿಎ ಮೇಲೆ ನೋಡಿ.

ಬಗ್: ಬಿಡುಗಡೆ ಸಮಯದ ವಿಮರ್ಶೆಗಳಲ್ಲಿ ಬರೆದಿರೋದು ನಿಜ. ಕ್ರ್ಯಾಷ್, ಶತ್ರುವಿನ ಸರದಿಯಲ್ಲಿ ಆಟ ನಿಂತುಬಿಡೋದು, ಕ್ಯಾಮೆರಾ ಗೋಡೆ ತೋರಿಸಿಕೊಂಡು ಕೂರೋದು ಎಲ್ಲಾ ಇತ್ತು. ಕೆಲವರು ಅಂಕ ಕಡಿಮೆ ಕೊಟ್ಟಿದ್ದಕ್ಕೂ ಇದೇ ಕಾರಣ. ಆಮೇಲೆ ಪ್ಯಾಚ್‌ಗಳು ಬಂದವು, ಆದರೆ ಪತ್ರಿಕೆಗಳು ಅಂಕ ತಿದ್ದಲ್ಲ, ಮೆಟಾಕ್ರಿಟಿಕ್ ಸರಾಸರಿ ಮೊದಲ ವಾರದ ಫೋಟೋ ಇದ್ದ ಹಾಗೆ. ಪೂರ್ತಿ ನಿರ್ಮಲ ಆಗಿದೆ ಅಂತ ಹೇಳಲ್ಲ. ಶತ್ರುವಿನ ಸರದಿಯಲ್ಲಿ ಸಿಕ್ಕಿಹಾಕಿಕೊಂಡರೆ ಸ್ವಲ್ಪ ಕಾಯಿರಿ, ಬರಲಿಲ್ಲ ಅಂದರೆ ಮೆನುವಿಗೆ ಹೋಗಿ ಆ ಎನ್‌ಕೌಂಟರ್ ರೀಸ್ಟಾರ್ಟ್ ಮಾಡಿ. ಪದೇ ಪದೇ ಕ್ರ್ಯಾಷ್ ಆದರೆ ಸ್ಟೀಮ್ ಲೈಬ್ರರಿಯಲ್ಲಿ ಆಟದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಇನ್‌ಸ್ಟಾಲ್ಡ್ ಫೈಲ್ಸ್, ವೆರಿಫೈ ಇಂಟಿಗ್ರಿಟಿ. ಮೊಬೈಲ್ ಹಾಟ್‌ಸ್ಪಾಟಲ್ಲಿ ಇಳಿಸಿಕೊಂಡಿದ್ದರೆ ಇದನ್ನ ಮೊದಲ ದಿನವೇ ಮಾಡಿಬಿಡಿ. ಡಿಸ್ಕಲ್ಲಿ 20 ಜಿಬಿ ಮೇಲೆ ಖಾಲಿ ಇರಲಿ.

ವಿಮರ್ಶೆ ಓದೋ ಉಪಾಯ: ಸ್ಟೀಮ್ ಪುಟದಲ್ಲಿ ವಿಮರ್ಶೆಗಳ ಮೇಲಿರೋ ಗ್ರಾಫಲ್ಲಿ ದಿನಾಂಕದ ವ್ಯಾಪ್ತಿ ಆರಿಸಬಹುದು, ಪಕ್ಕದಲ್ಲೇ ಆಡಿದ ಗಂಟೆಗಳ ಫಿಲ್ಟರೂ ಇದೆ. 2020ರ ಏಪ್ರಿಲ್, ಮೇ ಬಿಟ್ಟು, ಕನಿಷ್ಠ ಹತ್ತು ಗಂಟೆ ಆಡಿದವರದ್ದು ಮಾತ್ರ ನೋಡಿ. ಬೈಗುಳದ ಬಣ್ಣವೇ ಬದಲಾಗುತ್ತೆ. "ಎಕ್ಸ್‌ಕಾಮ್ ಅಲ್ಲ" ಅನ್ನೋದು ಕಡಿಮೆ ಆಗಿ, "ಕೊನೆಕೊನೆಗೆ ಒಂದೇ ಥರ" ಅನ್ನೋದು ಮೇಲೆ ಬರುತ್ತೆ. ಮೆಟಾಕ್ರಿಟಿಕ್‌ನ ಬಳಕೆದಾರರ ಅಂಕ ಬಿಟ್ಟುಬಿಡಿ, ಅಲ್ಲಿ ಕೊಳ್ಳದವರೂ ಅಂಕ ಹಾಕಬಹುದು. ಪತ್ರಿಕೆಯ ವಿಮರ್ಶೆ ಆದರೆ ಯಾವ ಮಟ್ಟದಲ್ಲಿ ಆಡಿದರು, ಮೂರು ತನಿಖೆಯೂ ಮುಗಿಸಿದರಾ ಅಂತ ಹುಡುಕಿ. ಮೊದಲ ತನಿಖೆಯಷ್ಟೇ ಆಡಿ ಬರೆದದ್ದಾದರೆ ಬ್ರೀಚ್ ಬಗ್ಗೆ ಅವರ ಮಾತಿಗೆ ಅರ್ಧ ಬೆಲೆ.


ಸಕಲೇಶಪುರ_ಬ್ರೀಚ್

ತನಿಖೆ ಕ್ರಮಕ್ಕೆ ನನ್ನ ಉತ್ತರ: ಪ್ರೊಜೆನಿ ಮೊದಲು. ನೀವು ಯಾರನ್ನ ಕೊನೆಗೆ ಬಿಡ್ತೀರೋ ಅವರು ಅಷ್ಟು ಬಲಿತು ಬರ್ತಾರೆ. ಪ್ರೊಜೆನಿಯವರು ಮನಸ್ಸಿನ ಶಕ್ತಿ ಬಳಸೋರು, ಅವರ ಕಾಟ ಗುಂಡಿನಷ್ಟು ಸರಳ ಅಲ್ಲ, ನಾಲ್ಕೇ ಜನರ ತಂಡದಲ್ಲಿ ಒಬ್ಬನ ಸರದಿ ಹಾಳಾದರೂ ಲೆಕ್ಕ ತಲೆಕೆಳಗಾಗುತ್ತೆ. ಗ್ರೇ ಫೀನಿಕ್ಸ್, ಸೇಕ್ರೆಡ್ ಕಾಯಿಲ್ ಆಮೇಲೆ ಬಂದರೂ ಗುಂಡಿಗೆ ಗುಂಡು ಕೊಟ್ಟು ನಿಭಾಯಿಸಬಹುದು.


ಕೊಪ್ಪ_ಗ್ರೆನೇಡಿಯರ್

ನಾನಾಗಿದ್ರೆ ಸೇಕ್ರೆಡ್ ಕಾಯಿಲ್ ಮೊದಲು ಅಂತಿದ್ದೆ, ಆದರೆ ಅದಕ್ಕೆ ಜಗಳ ಆಡೋಷ್ಟು ವ್ಯತ್ಯಾಸ ಇಲ್ಲ.

ಗೇರ್ಸ್ ಟ್ಯಾಕ್ಟಿಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಸ್ಪ್ಲ್ಯಾಶ್ ಡ್ಯಾಮೇಜ್ ಮತ್ತು ದಿ ಕೊಯಲಿಷನ್ ಮಾಡಿದ್ದು, ಚಿಮೆರಾ ಆದ ನಾಲ್ಕು ದಿನಕ್ಕೆ, ಏಪ್ರಿಲ್ 28ಕ್ಕೆ ಪಿಸಿಗೆ ಬಂತು. ಅದೂ ಸ್ಪಿನ್‌ಆಫೇ, ಶೂಟರ್ ಸರಣಿಯಿಂದ ಸರದಿ ಆಟಕ್ಕೆ. ಆದರೆ ಬೆಲೆ ಆಗ 60 ಡಾಲರ್, ಚಿಮೆರಾದ ಮೂರು ಪಟ್ಟು. ಅಂಕಗಳು ಹೆಚ್ಚುಕಮ್ಮಿ ಅಕ್ಕಪಕ್ಕ, ಆದರೆ ದೂರು ಪೂರ್ತಿ ಬೇರೆ. ಗೇರ್ಸ್ ನೋಡೋಕೆ ಚೆಂದ, ಪಿಸಿಯಲ್ಲಿ ನಯವಾಗಿ ಓಡುತ್ತೆ. ಒಬ್ಬೊಬ್ಬರಿಗೆ ಮೂರು ಆಕ್ಷನ್, ಅದನ್ನ ನಡೆಯೋಕೂ ಹೊಡೆಯೋಕೂ ಇಷ್ಟ ಬಂದ ಹಾಗೆ ಹಂಚಬಹುದು. ಬಿದ್ದ ಶತ್ರುವನ್ನ ಹತ್ತಿರ ಹೋಗಿ ಮುಗಿಸಿದರೆ ಉಳಿದವರಿಗೆಲ್ಲ ಒಂದೊಂದು ಆಕ್ಷನ್ ಜಾಸ್ತಿ ಸಿಗುತ್ತೆ, ಹಾಗಾಗಿ ಮೂಲೆಯಲ್ಲಿ ಅಡಗಿ ಕೂರೋ ಬದಲು ಮುನ್ನುಗ್ಗಬೇಕು. ಇದು ವಿಮರ್ಶಕರಿಗೆ ಬಹಳ ಹಿಡಿಸಿತು.

ಕೆಡೋದು ಎಲ್ಲಿ ಅಂದರೆ, ನೆಲೆ ನಿರ್ವಹಣೆ, ಸಂಶೋಧನೆ, ನಕ್ಷೆ ಏನೂ ಇಲ್ಲ. ಕಥೆ ಮುಂದೆ ಹೋಗಬೇಕಾದರೆ ಉಪಮಿಷನ್ ಕಡ್ಡಾಯ, ಅವು ನಾಲ್ಕೈದು ಥರದಲ್ಲೇ ಮರಳಿ ಮರಳಿ ಬರ್ತವೆ. ನಿಮಗೆ ಯುದ್ಧ ಮಾತ್ರ ಸಾಕು, ಯೋಜನೆಯ ತಲೆನೋವು ಬೇಡ ಅಂದರೆ ಗೇರ್ಸ್. ಎಕ್ಸ್‌ಕಾಮ್ 2ರ ನಕ್ಷೆಯ ಒತ್ತಡ ಮೆಚ್ಚಿದವರಿಗೆ ಚಿಮೆರಾವೇ ಹತ್ತಿರ. ನಾನು ಅದನ್ನ ಬೈದರೂ ಇದನ್ನ ಹೇಳಲೇಬೇಕು.


ಹಾಸನ_ಹಾಫ್‌ಕವರ್

ಸೇಲ್ ಬೆಲೆಗೆ ತಗೊಳ್ಳಿ, ಪೂರ್ತಿ ಬೆಲೆಗೆ ಅವಸರ ಬೇಡ. ತಗೊಂಡ ಮೇಲೆ ಸ್ಟೀಮ್ ರೀಫಂಡ್ ನಿಯಮ ನೆನಪಿರಲಿ: 14 ದಿನದೊಳಗೆ, ಆಟದ ಸಮಯ ಎರಡು ಗಂಟೆ ಮೀರಬಾರದು. ಮೆನು ತೆರೆದಿಟ್ಟು ಊಟಕ್ಕೆ ಹೋದರೂ ಆ ಗಡಿಯಾರ ಓಡ್ತಿರುತ್ತೆ. ಟ್ಯುಟೋರಿಯಲ್ ಮತ್ತೆ ಮೊದಲ ಒಂದೆರಡು ಮಿಷನ್ ಆ ಎರಡು ಗಂಟೆಯಲ್ಲಿ ಮುಗಿಯುತ್ತೆ, ಸರದಿ ಪಟ್ಟಿ ನಿಮಗೆ ಒಗ್ಗುತ್ತಾ ಇಲ್ಲವಾ ಅಂತ ತಿಳಿಯೋಕೆ ಅಷ್ಟು ಸಾಕು.


ಮೂಡಿಗೆರೆ_ಓವರ್‌ವಾಚ್

ಸರಿ, ಎಕ್ಸ್‌ಪರ್ಟ್, ಮಾಮೂಲಿ ಸೇವ್, ಪ್ರೊಜೆನಿ ಮೊದಲು. ಎಂಟು ಜನರಲ್ಲಿ ಮೊದಲ ಹೊಸ ಏಜೆಂಟ್ ಆಗಿ ಟಾರ್ಕ್ ತಗೊಳ್ಳಲಾ, ಬ್ಲೂಬ್ಲಡ್ ತಗೊಳ್ಳಲಾ?


ಸಕಲೇಶಪುರ_ಬ್ರೀಚ್

ಆಯ್ಕೆಗೆ ಬಂದರೆ ಟಾರ್ಕ್, ಕಣ್ಣು ಮುಚ್ಚಿಕೊಂಡು. ಎಳೆಯೋದು, ಸುತ್ತೋದು, ಕೊಳವೆಯಿಂದ ನುಸುಳೋದು ಮೂರೂ ಒಬ್ಬಳಲ್ಲೇ. ಒಂದೇ ಎಚ್ಚರಿಕೆ: ಸುತ್ತಿಕೊಂಡಿರೋ ತನಕ ಅವಳೂ ಬಯಲಲ್ಲಿ ನಿಂತ ಜಾಗದಲ್ಲೇ ಇರ್ತಾಳೆ, ಪಕ್ಕದವನಿಗೆ ಸುಲಭದ ಗುರಿ. ಎಳೆಯೋ ಮೊದಲು ಅವಳು ನಿಂತಿರೋ ಚೌಕಕ್ಕೆ ಕವರ್ ಇದೆಯಾ ನೋಡಿಕೊಳ್ಳಿ.